ಘಾನಾಕ್ಕೆ ಹೊರಟವರು ಮಾಡಬೇಕಾದ್ದು, ಮಾಡಬಾರದ್ದು

ಕೆಲಸಕ್ಕೆ, ಓದಿಗೆ, ಗೇರುಬೀಜದ ಖರೀದಿಗೆ ಅಥವಾ ಸುಮ್ಮನೆ ನೋಡಿ ಬರಲು ಪಶ್ಚಿಮ ಆಫ್ರಿಕಾದ ಘಾನಾಕ್ಕೆ ಹೊರಡುವ ಕನ್ನಡಿಗರಿಗಾಗಿ ಈ ಸೂಚನೆಗಳು. ಟಿಕೆಟ್ ತೆಗೆಯುವ ಮೊದಲೇ ಓದಿ. ಎಲ್ಲ ಸೂಚನೆಗಳ ಹಿಂದೆಯೂ ಇರುವುದು ಒಂದೇ ನಿಯಮ: ಆ ನಾಡಿನಲ್ಲಿ ಮರ್ಯಾದೆ ಮೊದಲು, ಕೆಲಸ ಆಮೇಲೆ. ಇದನ್ನು ಪಾಲಿಸಿದವರಿಗೆ ಘಾನಾದಲ್ಲಿ ಬಾಗಿಲುಗಳು ಬೇಗ ತೆರೆಯುತ್ತವೆ. ಪಾಲಿಸದವರಿಗೆ ದುಡ್ಡು ಕೊಟ್ಟರೂ ತೆರೆಯುವುದಿಲ್ಲ.

1. ದೇಶವನ್ನು ತಿಳಿದು ಹೊರಡಿ

ಮಾಡಬೇಕಾದ್ದು

- ಭೂಪಟ ತೆಗೆದು ನೋಡಿ. ದಕ್ಷಿಣಕ್ಕೆ ಗಿನಿ ಕೊಲ್ಲಿ, ಪಶ್ಚಿಮಕ್ಕೆ ಐವರಿ ಕೋಸ್ಟ್, ಉತ್ತರಕ್ಕೆ ಬುರ್ಕಿನಾ ಫಾಸೊ, ಪೂರ್ವಕ್ಕೆ ಟೋಗೊ. ವಿಸ್ತೀರ್ಣ ಸುಮಾರು 2.39 ಲಕ್ಷ ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ದೊಡ್ಡದು. 2021ರ ಜನಗಣತಿಯ ಪ್ರಕಾರ ಜನಸಂಖ್ಯೆ 3.08 ಕೋಟಿ, ಅಂದರೆ ನಮ್ಮ ರಾಜ್ಯದ ಅರ್ಧದಷ್ಟು. ರಾಜಧಾನಿ ಅಕ್ರಾ.
- ಚರಿತ್ರೆಯ ನಾಲ್ಕು ಸಂಗತಿಗಳನ್ನಾದರೂ ಓದಿಕೊಳ್ಳಿ. ಬ್ರಿಟಿಷರ ಕಾಲದಲ್ಲಿ ಇದರ ಹೆಸರು ಗೋಲ್ಡ್ ಕೋಸ್ಟ್. ಎರಡನೇ ಮಹಾಯುದ್ಧದಲ್ಲಿ ಇಲ್ಲಿನ ಸೈನಿಕರು ಬರ್ಮಾದ ಕಾಡಿನಲ್ಲಿ ಹೋರಾಡಿದರು. ಊರಿಗೆ ಮರಳಿದ ಮಾಜಿ ಸೈನಿಕರು ತಮಗೆ ಬರಬೇಕಾದ ಸವಲತ್ತು ಕೇಳಿ 1948ರ ಫೆಬ್ರುವರಿ 28ರಂದು ಅಕ್ರಾದಲ್ಲಿ ಮೆರವಣಿಗೆ ಹೊರಟಾಗ ಪೊಲೀಸರ ಗುಂಡಿಗೆ ಮೂವರು ಸತ್ತರು. ಆ ಸಿಟ್ಟಿನ ಅಲೆ ಸ್ವಾತಂತ್ರ್ಯ ಚಳವಳಿಗೆ ಬಲ ಕೊಟ್ಟಿತು. ಕ್ವಾಮೆ ಎನ್‌ಕ್ರೂಮಾ ನಾಯಕತ್ವದಲ್ಲಿ 1957ರ ಮಾರ್ಚ್ 6ರಂದು ಘಾನಾ ಸ್ವತಂತ್ರವಾಯಿತು. ಸಹಾರಾ ಮರುಭೂಮಿಯ ದಕ್ಷಿಣದ ವಸಾಹತುಗಳಲ್ಲಿ ಬಿಡುಗಡೆಯ ದಾರಿ ತೋರಿಸಿದ್ದು ಈ ದೇಶ.
- 1992ರ ಸಂವಿಧಾನದ ನಂತರ ಚುನಾವಣೆಯ ಮೂಲಕ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ 2001, 2009, 2017 ಮತ್ತು 2025ರಲ್ಲಿ ಅಧಿಕಾರ ಶಾಂತಿಯಿಂದ ಹೋಗಿದೆ. ಜನರಿಗೆ ಇದರ ಬಗ್ಗೆ ಹೆಮ್ಮೆ ಇದೆ, ಆ ಹೆಮ್ಮೆ ನ್ಯಾಯವಾದದ್ದು.

ಮಾಡಬಾರದ್ದು

- "ಆಫ್ರಿಕಾದಲ್ಲಿ ಹೀಗೆ, ಆಫ್ರಿಕಾದವರು ಹಾಗೆ" ಎಂದು ಮಾತಾಡಬೇಡಿ. ಆ ಖಂಡದಲ್ಲಿ 54 ದೇಶಗಳಿವೆ. ನೀವು ಹೋಗುತ್ತಿರುವುದು ಒಂದಕ್ಕೆ.
- ಬಡತನ ನೋಡಲು, ಅದರ ವಿಡಿಯೊ ಮಾಡಲು ಹೋಗಬೇಡಿ.

2. ಕಾಗದಪತ್ರ, ಲಸಿಕೆ

ಮಾಡಬೇಕಾದ್ದು

- ಹಳದಿ ಜ್ವರದ ಲಸಿಕೆಯನ್ನು ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಿಕೊಳ್ಳಿ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿರಬೇಕು, ಅದಕ್ಕಿಂತ ಈಚಿನದಾದರೆ ಕಾರ್ಡ್ ಊರ್ಜಿತವಾಗುವುದಿಲ್ಲ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ.
- ಆ ಕಾರ್ಡನ್ನು ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ಅಕ್ರಾದಲ್ಲಿ ಇಳಿದಾಗಲೂ ಬೇಕು, ಬೆಂಗಳೂರಿಗೆ ಮರಳಿದಾಗಲೂ ಬೇಕು. ಇಲ್ಲದೆ ಮರಳಿದರೆ ಭಾರತದಲ್ಲಿ 6 ದಿನಗಳವರೆಗೆ ಕ್ವಾರಂಟೈನ್‌ನಲ್ಲಿ ಇಡಲು ಅವಕಾಶವಿದೆ.
- ವೀಸಾವನ್ನು ಹೊರಡುವ ಮುನ್ನವೇ ಪಡೆಯಿರಿ. ಘಾನಾದ ಹೈಕಮಿಷನ್ ದೆಹಲಿಯಲ್ಲಿದೆ. ಪಾಸ್‌ಪೋರ್ಟ್, ವೀಸಾ, ಲಸಿಕೆ ಕಾರ್ಡುಗಳ ನಕಲು ಮನೆಯವರ ಬಳಿಯೂ ಇರಲಿ.

ಮಾಡಬಾರದ್ದು

- ಲಸಿಕೆ ಹಾಕಿಸದೆ ಕಾರ್ಡ್ ಮಾತ್ರ ಕೊಡಿಸುವ ದಲ್ಲಾಳಿಗಳ ಬಳಿ ಹೋಗಬೇಡಿ. ಹಳದಿ ಜ್ವರ ಕಾಗದ ನೋಡಿ ಬಿಡುವುದಿಲ್ಲ.
- ಪ್ರವಾಸಿ ವೀಸಾದಲ್ಲಿ ಹೋಗಿ ಕೆಲಸಕ್ಕೆ ಸೇರಬೇಡಿ. "ಅಲ್ಲಿ ಹೋದ ಮೇಲೆ ಬದಲಾಯಿಸಿಕೊಡುತ್ತೇವೆ" ಎನ್ನುವ ಏಜೆಂಟನನ್ನು ನಂಬಬೇಡಿ.

3. ಆರೋಗ್ಯ, ಹವೆ, ನೀರು

ಮಾಡಬೇಕಾದ್ದು

- ಮಲೇರಿಯಾ ದೇಶದ ಎಲ್ಲ ಕಡೆಯೂ ಇದೆ, ರಾಜಧಾನಿಯಲ್ಲೂ ಇದೆ. ಅಲ್ಲಿ ಹೆಚ್ಚಾಗಿರುವ ಫಾಲ್ಸಿಪಾರಂ ಬಗೆಯದು ಮೆದುಳಿಗೇರಿ ಪ್ರಾಣ ತೆಗೆಯಬಲ್ಲದು. ತಡೆ ಮಾತ್ರೆಯ ಬಗ್ಗೆ ವೈದ್ಯರನ್ನು ಹೊರಡುವ ಮೊದಲೇ ಕೇಳಿ. ಮರಳಿದ ಮೇಲೂ ಅವರು ಹೇಳಿದಷ್ಟು ದಿನ ಮಾತ್ರೆ ಮುಂದುವರಿಸಿ. ಸೊಳ್ಳೆಪರದೆಯಲ್ಲಿ ಮಲಗಿ, ಸಂಜೆ ಉದ್ದ ತೋಳಿನ ಬಟ್ಟೆ ಹಾಕಿ.
- ಅಲ್ಲಿರುವಾಗಲಾಗಲಿ, ಬಂದು ಕೆಲವು ತಿಂಗಳಾದ ಮೇಲಾಗಲಿ ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಊರಿನ ಡಾಕ್ಟರಿಗೆ "ಘಾನಾಕ್ಕೆ ಹೋಗಿದ್ದೆ" ಎಂದು ಕೇಳುವ ಮೊದಲೇ ಹೇಳಿ.
- ಡಿಸೆಂಬರಿನಿಂದ ಫೆಬ್ರುವರಿವರೆಗೆ ಸಹಾರಾದ ಕಡೆಯಿಂದ ಹರ್ಮಾಟನ್ ಎಂಬ ಒಣ ದೂಳುಗಾಳಿ ಬೀಸುತ್ತದೆ. ತುಟಿ ಒಡೆಯುತ್ತದೆ, ಆಕಾಶ ಮಬ್ಬಾಗುತ್ತದೆ, ಆಸ್ತಮಾ ಇದ್ದವರಿಗೆ ಕಷ್ಟ. ಔಷಧಿ ಜೊತೆಗಿರಲಿ. ದಕ್ಷಿಣದಲ್ಲಿ ಮಳೆಗಾಲ ವರ್ಷಕ್ಕೆ ಎರಡು ಸಲ, ಉತ್ತರದಲ್ಲಿ ಒಂದೇ ಸಲ.

ಮಾಡಬಾರದ್ದು

- ವೋಲ್ಟಾ ಸರೋವರದಲ್ಲಿ ಈಜಬೇಡಿ, ಕಾಲೂ ಇಳಿಬಿಡಬೇಡಿ. 1965ರಲ್ಲಿ ಮುಗಿದ ಅಕೊಸೊಂಬೊ ಅಣೆಕಟ್ಟಿನ ಹಿಂದೆ ಸುಮಾರು 8,500 ಚದರ ಕಿಲೋಮೀಟರ್ ಹರಡಿರುವ ಈ ನೀರು ದೇಶಕ್ಕೆ ಬೆಳಕು ಕೊಟ್ಟಿದೆ. ಆದರೆ ದಡದ ನಿಂತ ನೀರಿನ ಬಸವನಹುಳುಗಳಿಂದ ಹೊರಬರುವ ಬಿಲ್‌ಹಾರ್ಜಿಯಾ ಪರಾವಲಂಬಿ ಚರ್ಮದ ಮೂಲಕವೇ ದೇಹ ಸೇರುತ್ತದೆ. ದೋಣಿಯಲ್ಲಿ ಹೋಗಿ, ನೋಡಿ, ಬನ್ನಿ.
- ಈಜು ಚೆನ್ನಾಗಿ ಗೊತ್ತು ಎಂದು ಕಡಲಿಗೆ ಇಳಿಯಬೇಡಿ. ಈ ಕರಾವಳಿಯ ಒಳಸೆಳೆತ ಬಲವಾದದ್ದು.

4. ನಮಸ್ಕಾರ ಮತ್ತು ಕೈ

ಇಡೀ ಪ್ರವಾಸ ನಿಂತಿರುವುದು ಇದರ ಮೇಲೆ. ನಿಧಾನವಾಗಿ ಓದಿ.

ಮಾಡಬೇಕಾದ್ದು

- ಯಾರ ಜೊತೆಗಾದರೂ ಮೊದಲು ಶುಭಾಶಯ, ಆಮೇಲೆ ವಿಷಯ. ದಾರಿ ಕೇಳುವಾಗ, ಅಂಗಡಿಯಲ್ಲಿ ಬೆಲೆ ಕೇಳುವಾಗ, ಕಚೇರಿಯಲ್ಲಿ ಅರ್ಜಿ ಕೊಡುವಾಗ "ಗುಡ್ ಮಾರ್ನಿಂಗ್, ಹೇಗಿದ್ದೀರಿ" ಎನ್ನದೆ ನೇರ ಪ್ರಶ್ನೆಗೆ ಹೋದರೆ ಅದು ಒರಟುತನ. ಕಾವಲುಗಾರನಿಂದ ಮ್ಯಾನೇಜರ್‌ವರೆಗೆ ಎಲ್ಲರಿಗೂ ಇದು ಸಲ್ಲಬೇಕು.
- ಸಾಲಾಗಿ ಕೂತವರನ್ನು ಮಾತಾಡಿಸುವಾಗ ನಿಮ್ಮ ಬಲಗಡೆ ಇರುವವರಿಂದ ಶುರುಮಾಡಿ ಎಡಕ್ಕೆ ಸಾಗಿ. ನಡುವೆ ಕೂತ ಪರಿಚಿತರ ಬಳಿಗೆ ಮೊದಲು ಓಡಬೇಡಿ. ಒಬ್ಬರನ್ನೂ ಬಿಡಬೇಡಿ.
- ಕೊಡುವುದು, ತೆಗೆದುಕೊಳ್ಳುವುದು, ಕೈಬೀಸುವುದು, ತೋರಿಸುವುದು ಎಲ್ಲವೂ ಬಲಗೈಯಲ್ಲಿ. ಬಲಗೈಯಲ್ಲಿ ಚೀಲವಿದ್ದರೆ ಕೆಳಗಿಟ್ಟು ಕೊಡಿ.
- ಇಂಗ್ಲಿಷ್ ಆಡಳಿತ ಭಾಷೆ, ಎಲ್ಲ ಕಡೆ ನಡೆಯುತ್ತದೆ. ಆದರೂ ಹೆಚ್ಚು ಜನರಿಗೆ ತಿಳಿಯುವ ಟ್ವಿ ಭಾಷೆಯ ಎರಡು ಮಾತು ಕಲಿತು ಹೋಗಿ: "ಮೆಪಾ ವೊ ಚೆವ್", ದಯವಿಟ್ಟು, "ಮೆದಾಸೆ", ಧನ್ಯವಾದ. ಅಕ್ರಾದ ಮೂಲನಿವಾಸಿಗಳದ್ದು ಗಾ ಭಾಷೆ, ಪೂರ್ವದಲ್ಲಿ ಎವೆ, ಉತ್ತರದಲ್ಲಿ ದಗ್ಬಾನಿ.
- ನೀವು ಹುಟ್ಟಿದ ವಾರ ಗೊತ್ತಿರಲಿ. ಅಕಾನ್ ಜನರಲ್ಲಿ ವಾರಕ್ಕೊಂದು ಹೆಸರು: ಶುಕ್ರವಾರ ಹುಟ್ಟಿದವನು ಕೋಫಿ, ಶನಿವಾರದವನು ಕ್ವಾಮೆ, ಶನಿವಾರದವಳು ಅಮಾ. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಇದೇ ದೇಶದ ಕುಮಾಸಿಯವರು. ನಿಮಗೂ ಅಂಥ ಹೆಸರು ಇಟ್ಟರೆ ಪ್ರೀತಿಯಿಂದ ಒಪ್ಪಿಕೊಳ್ಳಿ.

ಮಾಡಬಾರದ್ದು

- ಎಡಗೈಯಲ್ಲಿ ಹಣ ಚಾಚಬೇಡಿ. ನಮ್ಮ ಮನೆಗಳಲ್ಲೂ ಇದು ಸಲ್ಲದು, ಊರು ಬಿಟ್ಟ ಮೇಲೆ ಮರೆಯಬೇಡಿ.
- ಹಿರಿಯರು ಕೈ ನೀಡುವ ಮೊದಲು ನೀವಾಗಿ ಕೈ ಚಾಚಬೇಡಿ.
- "ಒಬ್ರೋನಿ" ಎಂದು ಮಕ್ಕಳು ಕೂಗಿದರೆ ಸಿಟ್ಟಾಗಬೇಡಿ. ಪರದೇಶದವರನ್ನು ಹಾಗೆ ಕರೆಯುವುದು ಅಲ್ಲಿ ರೂಢಿ.

5. ಬಣ್ಣದ ಮಾತು

ಮಾಡಬೇಕಾದ್ದು

- ನಮ್ಮೊಳಗಿನ ಮೇಲು ಕೀಳಿನ ಭಾವನೆಯನ್ನು ಮನೆಯಲ್ಲೇ ಕಳಚಿಟ್ಟು ಹೊರಡಿ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ, ಬೇರೊಬ್ಬ ಆಫ್ರಿಕನ್ ವಿದ್ಯಾರ್ಥಿಯ ಕಾರು ಮಾಡಿದ ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪೊಂದು ಹಲ್ಲೆ ನಡೆಸಿತು. ಅದು ನಮ್ಮ ಊರಿನಲ್ಲಿ ನಡೆದದ್ದು. ಈ ಬಗ್ಗೆ ಯಾರಾದರೂ ಕೇಳಿದರೆ ಸಮರ್ಥನೆಗೆ ಇಳಿಯದೆ ತಪ್ಪನ್ನು ತಪ್ಪೆಂದು ಹೇಳಿ.
- ಅಕ್ರಾದ ಲೆಗೊನ್‌ನಲ್ಲಿರುವ ಘಾನಾ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಅನಾವರಣ ಮಾಡಿದ ಗಾಂಧಿ ಪ್ರತಿಮೆಯನ್ನು 2018ರ ಡಿಸೆಂಬರಿನಲ್ಲಿ ತೆಗೆಯಲಾಯಿತು. ದಕ್ಷಿಣ ಆಫ್ರಿಕಾದ ಆರಂಭದ ವರ್ಷಗಳಲ್ಲಿ ಗಾಂಧಿ ಕಪ್ಪು ಜನರ ಬಗ್ಗೆ ಬರೆದ ಮಾತುಗಳನ್ನು ಅಧ್ಯಾಪಕರು ಎತ್ತಿ ತೋರಿಸಿದ್ದರು. ಈ ಮಾತು ಬಂದಾಗ ವಾದಕ್ಕಿಳಿಯುವ ಮೊದಲು ಪೂರ್ತಿ ಕೇಳಿಸಿಕೊಳ್ಳಿ.

ಮಾಡಬಾರದ್ದು

- ಯಾರಿಗೂ ಅರ್ಥವಾಗದು ಎಂದು ಕನ್ನಡದಲ್ಲಿ ಎದುರಿಗಿದ್ದವರ ಬಣ್ಣ, ಕೂದಲು, ಮೈಕಟ್ಟಿನ ಬಗ್ಗೆ ಮಾತಾಡಬೇಡಿ. ಮಾತು ತಿಳಿಯದಿದ್ದರೂ ಮುಖ ತಿಳಿಯುತ್ತದೆ.
- ಕೆಲಸದವರನ್ನು ಬೆರಳು ತೋರಿಸಿ, ಚಿಟಿಕೆ ಹೊಡೆದು ಕರೆಯಬೇಡಿ.

6. ಊಟ

ಮಾಡಬೇಕಾದ್ದು

- ಫುಫು ತಿನ್ನಿ. ಬೇಯಿಸಿದ ಮರಗೆಣಸು ಮತ್ತು ಬಾಳೆಕಾಯಿಯನ್ನು ಮರದ ಒರಳಿನಲ್ಲಿ ಹಾಕಿ ಒಬ್ಬರು ಉದ್ದ ಒನಕೆಯಿಂದ ಕುಟ್ಟುತ್ತಾರೆ. ಇನ್ನೊಬ್ಬರು ಎರಡು ಏಟಿನ ನಡುವೆ ಕೈ ಹಾಕಿ, ನೀರು ಮುಟ್ಟಿಸಿ, ಮಗುಚುತ್ತಾರೆ. ನುಣ್ಣಗಾದ ಉಂಡೆಯನ್ನು ಸಾರಿನ ಬಟ್ಟಲಿನಲ್ಲಿ ಇಡುತ್ತಾರೆ. ತಂದಿಟ್ಟ ನೀರಿನಲ್ಲಿ ಕೈ ತೊಳೆದು, ಬಲಗೈಯಲ್ಲಿ ಚೂರು ಮುರಿದು, ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಬೇಕು. ರಾಗಿಮುದ್ದೆ ಉಂಡು ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ.
- ಸಸ್ಯಾಹಾರಿಗಳು "ಮಾಂಸ ಬೇಡ" ಎಂದರೆ ಸಾಲದು. ಮೀನು, ಒಣಸೀಗಡಿ, ಮೊಟ್ಟೆ, ಮಾಂಸದ ರುಚಿಯ ಮಸಾಲೆ ಕ್ಯೂಬ್ ಒಂದೊಂದನ್ನೂ ಹೆಸರು ಹೇಳಿ ಬೇಡವೆನ್ನಿ. ಶಿಟೊ ಎಂಬ ಕಪ್ಪು ಖಾರದ ಚಟ್ನಿಯಲ್ಲಿ ಒಣಮೀನು ಇರುತ್ತದೆ.
- ಕೇಳಿ ಪಡೆಯಬಹುದಾದವು: ಅಕ್ಕಿ ಮತ್ತು ಕಾಳನ್ನು ಜೋಳದ ಎಲೆಯೊಂದಿಗೆ ಬೇಯಿಸಿದ ಕೆಂಗಂದಿನ ವಾಚೆ, ಅಲಸಂದೆ ಕಾಳಿನ ಪಲ್ಯ ಮತ್ತು ಕರಿದ ಬಾಳೆಯ ರೆಡ್‌ರೆಡ್, ಶುಂಠಿ ಮೆಣಸು ಹಚ್ಚಿ ಕರಿದ ಬಾಳೆಹಣ್ಣಿನ ಕೆಲೆವೆಲೆ. ಮೊದಲೆರಡಕ್ಕೂ ಮೀನು ಬೆರೆಸುವವರಿದ್ದಾರೆ, ಕೇಳಿಯೇ ತಿನ್ನಿ.

ಮಾಡಬಾರದ್ದು

- ಬಡಿಸಿದ್ದನ್ನು ಮೂಸಿ ನೋಡಬೇಡಿ, ಮುಖ ಸಿಂಡರಿಸಬೇಡಿ. ತಿನ್ನದಿದ್ದರೆ ಕಾರಣ ಹೇಳಿ, ಧನ್ಯವಾದ ಹೇಳಿ.
- ನಲ್ಲಿ ನೀರು ಕುಡಿಯಬೇಡಿ. ಮುದ್ರೆ ಸರಿಯಾಗಿರುವ ಬಾಟಲಿಯನ್ನೇ ಕೊಳ್ಳಿ.

7. ಓಡಾಟ

ಮಾಡಬೇಕಾದ್ದು

- ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. 1974ರಿಂದ ಅಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ. ನಮ್ಮ ಕಣ್ಣಿನ ಅಭ್ಯಾಸ ಅಲ್ಲಿ ಅಪಾಯ.
- ಟ್ರೊಟ್ರೊ ಎಂಬ ಮಿನಿಬಸ್ ಊರಿನ ಜೀವನಾಡಿ. ಬಾಗಿಲಲ್ಲಿ ನಿಂತ "ಮೇಟ್" ಹೋಗುವ ಜಾಗ ಕೂಗುತ್ತಾನೆ, ಅವನ ಕೈಗೇ ದುಡ್ಡು ಕೊಡಿ. ಚಿಲ್ಲರೆ ಇಟ್ಟುಕೊಂಡು ಹತ್ತಿ. ದೂರದ ಊರಿಗೆ ದೊಡ್ಡ ಬಸ್ ಹಿಡಿಯಿರಿ.
- ಘಾನಾ ಗಡಿಯಾರ ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ 6 ಆದಾಗ ಇಲ್ಲಿ ರಾತ್ರಿ 11.30. ಮನೆಗೆ ಫೋನ್ ಮಾಡುವ ಸಮಯ ನಿಗದಿ ಮಾಡಿಕೊಳ್ಳಿ.

ಮಾಡಬಾರದ್ದು

- ಊರಿಂದೂರಿಗೆ ರಾತ್ರಿ ಪ್ರಯಾಣ ಬೇಡ. ದೀಪವಿಲ್ಲದ ಲಾರಿಗಳು ರಸ್ತೆಯಲ್ಲೇ ನಿಂತಿರುತ್ತವೆ.
- ಈಶಾನ್ಯದ ಬಾಕು ಪಟ್ಟಣಕ್ಕೆ ಹೋಗಬೇಡಿ, ಅಲ್ಲಿನ ಬಣಗಳ ಕದನ ಹಳೆಯದು. ಬುರ್ಕಿನಾ ಫಾಸೊ ಗಡಿಯಿಂದಲೂ ದೂರವಿರಿ. ಮೊಲೆ ಅಭಯಾರಣ್ಯದ ಆನೆಗಳನ್ನು, ಲರಬಂಗಾದ ಮಣ್ಣಿನ ಮಸೀದಿಯನ್ನು ನೋಡಲು ಗಡಿಯವರೆಗೆ ಹೋಗಬೇಕಿಲ್ಲ. ಮಸೀದಿಯನ್ನು ಹೊರಗಿನಿಂದಲೇ ನೋಡಿ, ಒಳಗೆ ನುಗ್ಗಬೇಡಿ.

8. ಕೋಟೆಗಳಲ್ಲಿ

ಎಲ್‌ಮಿನಾ ಕೋಟೆಯನ್ನು ಪೋರ್ಚುಗೀಸರು 1482ರಲ್ಲಿ ಕಟ್ಟಿದರು. 1637ರಲ್ಲಿ ಅದು ಡಚ್ಚರ ಕೈಗೆ, 1872ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಹತ್ತಿರದಲ್ಲೇ ಕೇಪ್ ಕೋಸ್ಟ್ ಕೋಟೆ ಇದೆ. ಚಿನ್ನಕ್ಕಾಗಿ ಬಂದವರು ಮನುಷ್ಯರನ್ನು ಹಿಡಿದು ಮಾರಿದ ಜಾಗಗಳಿವು. ಈ ಕರಾವಳಿಯ ಕೋಟೆಗಳು 1979ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ.

ಕೇಪ್ ಕೋಸ್ಟ್‌ನಲ್ಲಿ ಗಂಡಸರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಯ ನೇರ ಮೇಲೆ ಇಂಗ್ಲಿಷರ ಪ್ರಾರ್ಥನಾ ಮಂದಿರವಿತ್ತು. ಕೆಳಗೆ ಇಳಿದರೆ ಗಾಳಿಗೆ ಇರುವುದು ಗೋಡೆಯ ತುದಿಯ ಸಣ್ಣ ಕಿಂಡಿಗಳು ಮಾತ್ರ. ಒಂದು ಕಡೆ ನೆಲವನ್ನು ಕೆರೆದು ಹಳೆಯ ಇಟ್ಟಿಗೆಯನ್ನು ತೋರಿಸಿದ್ದಾರೆ. ಉಳಿದ ನೆಲದ ಮೇಲೆ ಕಲ್ಲಿನಂತೆ ಗಟ್ಟಿಯಾಗಿ ಕೂತಿರುವ ಪದರ ಅಲ್ಲಿ ಬಂಧಿಗಳಾಗಿದ್ದವರ ಮಲಮೂತ್ರ, ರಕ್ತ, ಬೆವರಿನದ್ದು. ನೀವು ನಿಲ್ಲುವುದು ಅದರ ಮೇಲೆ. ಅಲ್ಲಿಂದ ಹಡಗಿಗೆ ಹೊರಡಿಸುತ್ತಿದ್ದ ಕೊನೆಯ ಬಾಗಿಲು ಸಮುದ್ರದ ಕಡೆಗೆ ತೆರೆಯುತ್ತದೆ.

ಮಾಡಬೇಕಾದ್ದು

- ಮಾರ್ಗದರ್ಶಕರೊಂದಿಗೇ ಒಳಗೆ ಹೋಗಿ, ಅವರ ಮಾತು ಮುಗಿಯುವವರೆಗೆ ಕೇಳಿ. ನೆಲಮಾಳಿಗೆಯಲ್ಲಿ ಮೌನವಾಗಿರಿ.
- ನಿಮ್ಮ ಜೊತೆಗೇ ಅಮೆರಿಕ, ಕೆರಿಬಿಯನ್ ದ್ವೀಪಗಳಿಂದ ಬಂದವರು ಇರುತ್ತಾರೆ. ಅವರ ಪೂರ್ವಜರು ಇಂಥ ಬಾಗಿಲಿನಿಂದಲೇ ಹೋದವರು. ಅವರು ಅತ್ತರೆ ಪಕ್ಕಕ್ಕೆ ಸರಿದು ಜಾಗ ಬಿಡಿ.

ಮಾಡಬಾರದ್ದು

- ಆ ಬಾಗಿಲಲ್ಲಿ ನಿಂತು ಸೆಲ್ಫಿ ತೆಗೆಯಬೇಡಿ. ರೀಲ್ಸ್ ಖಂಡಿತ ಬೇಡ. ಸರಪಳಿ ಹಿಡಿದು ಭಂಗಿ ಕೊಡುವುದು ಅಪಚಾರ.
- ಕೋಟೆ, ಕಾಕುಂ ಕಾಡಿನ ತೂಗುಸೇತುವೆ, ಕಡಲತೀರ ಎಲ್ಲವನ್ನೂ ಒಂದೇ ಮಧ್ಯಾಹ್ನದಲ್ಲಿ ಮುಗಿಸುವ ಪ್ಯಾಕೇಜ್ ಒಪ್ಪಬೇಡಿ. ಕೋಟೆಗೆ ಅರ್ಧ ದಿನ ಕೊಡಿ.

9. ಅರಮನೆ, ಹಬ್ಬ, ಸಾವು

ಮಾಡಬೇಕಾದ್ದು

- ಕುಮಾಸಿ ಅಸಾಂಟೆ ಜನರ ರಾಜಧಾನಿ. ಅಲ್ಲಿನ ದೊರೆ ಅಸಾಂಟೆಹೆನೆ, ಈಗಿನವರು ಎರಡನೇ ಒಸೇ ಟುಟು. ಜನರ ಆತ್ಮವೇ ನೆಲೆಸಿದೆ ಎಂದು ನಂಬುವ ಚಿನ್ನದ ಪೀಠದ ಮೇಲೆ ದೊರೆಯೂ ಕೂರುವುದಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಅದರ ಮೇಲೆ ತಾನು ಕೂರಬೇಕೆಂದು ಕೇಳಿದ. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಯುದ್ಧ ಸಾರಿದಳು. ಸೋತು ಸೆಶೆಲ್ಸ್‌ಗೆ ಗಡೀಪಾರಾಗಿ 1921ರಲ್ಲಿ ಅಲ್ಲೇ ತೀರಿಕೊಂಡಳು. ಪೀಠ ಮಾತ್ರ ಬ್ರಿಟಿಷರಿಗೆ ಸಿಗಲಿಲ್ಲ. ಮನ್ಹಿಯಾ ಅರಮನೆಯ ಮ್ಯೂಸಿಯಂ ನೋಡುವ ಮುನ್ನ ಇಷ್ಟು ತಿಳಿದಿರಲಿ.
- ಊರಿನ ಮುಖ್ಯಸ್ಥರನ್ನು ಕಾಣಲು ಹೋದರೆ ಟೋಪಿ ತೆಗೆಯಿರಿ, ಚಪ್ಪಲಿ ಬಿಡಲು ಹೇಳಿದರೆ ಬಿಡಿ. ನಿಮ್ಮ ಮಾತನ್ನು ಅವರ ವಕ್ತಾರ "ಒಚೆಯಾಮೆ" ಮೂಲಕವೇ ಹೇಳಿ.
- ಶವಸಂಸ್ಕಾರಕ್ಕೆ ಕರೆದರೆ ಹೋಗಿ, ಅದು ದೊಡ್ಡ ಮರ್ಯಾದೆ. ಕಪ್ಪು ಅಥವಾ ಕಡುಬಣ್ಣದ ಬಟ್ಟೆ ಹಾಕಿ, ಕೈಲಾದಷ್ಟು ಮುಯ್ಯಿ ಕೊಡಿ.
- ಕೆಂಟೆ ಬಟ್ಟೆಯನ್ನು ಕುಮಾಸಿ ಬಳಿಯ ಬೊನ್‌ವಿರೆಯಲ್ಲಿ ನೇಕಾರರಿಂದಲೇ ಕೊಳ್ಳಿ. ಈ ನೇಯ್ಗೆಯನ್ನು ಯುನೆಸ್ಕೊ 2024ರಲ್ಲಿ ತನ್ನ ಪಟ್ಟಿಗೆ ಸೇರಿಸಿದೆ.

ಮಾಡಬಾರದ್ದು

- ಮುಖ್ಯಸ್ಥರ ಎದುರು ಕಾಲ ಮೇಲೆ ಕಾಲು ಹಾಕಿ ಕೂರಬೇಡಿ. ಅವರ ಕೈ ಕುಲುಕಲು ಮುಂದಾಗಬೇಡಿ.
- ಮಂಗಳವಾರ ಮೀನುಗಾರರನ್ನು ಕಡಲಿಗೆ ಕರೆದೊಯ್ಯಿರೆಂದು ಪೀಡಿಸಬೇಡಿ. ಕರಾವಳಿಯಲ್ಲಿ ಅಂದು ಸಮುದ್ರಕ್ಕೆ ಬಿಡುವು, ಬಲೆ ಹೊಲಿಯುವ ದಿನ.
- ಅಕ್ರಾದಲ್ಲಿ ಹೊಮೊವೊ ಹಬ್ಬದ ಮೊದಲು, ಸಾಮಾನ್ಯವಾಗಿ ಮೇ ಜೂನ್‌ನಲ್ಲಿ, ಕೆಲವು ವಾರ ಡೋಲು ಮತ್ತು ಗದ್ದಲಕ್ಕೆ ನಿಷೇಧವಿರುತ್ತದೆ. ಆ ದಿನಗಳಲ್ಲಿ ಧ್ವನಿವರ್ಧಕ ಹಚ್ಚಿ ಪಾರ್ಟಿ ಮಾಡಬೇಡಿ.

10. ಹಣ, ವ್ಯಾಪಾರ, ಚಿನ್ನ

ಮಾಡಬೇಕಾದ್ದು

- ನಾಣ್ಯ ಸೆಡಿ, ಅದರ ನೂರನೇ ಭಾಗ ಪೆಸೆವಾ. ಬ್ಯಾಂಕ್ ಅಥವಾ ಪರವಾನಗಿ ಇರುವ ಅಂಗಡಿಯಲ್ಲೇ ಹಣ ಬದಲಾಯಿಸಿ. ತರಕಾರಿ ಮಾರುವವರೂ ಮೊಬೈಲ್ ಮನಿ ಬಳಸುತ್ತಾರೆ. ಪಾಸ್‌ಪೋರ್ಟ್ ತೋರಿಸಿ ನಿಮ್ಮದೇ ಹೆಸರಿನಲ್ಲಿ ಸಿಮ್ ಪಡೆಯಿರಿ.
- ಮಂಗಳೂರು ಕಡೆಯ ಗೇರು ಕಾರ್ಖಾನೆಗಳಿಗೆ ಪಶ್ಚಿಮ ಆಫ್ರಿಕಾದಿಂದ ಹಸಿ ಗೇರುಬೀಜ ಬರುತ್ತದೆ. ಘಾನಾದಲ್ಲಿ ಟೆಚಿಮನ್, ವೆಂಚಿ, ಸಂಪಾ ಸುತ್ತ ಅದರ ತೋಟಗಳಿವೆ. ಖರೀದಿಗೆ ಹೋಗುವವರು ಒಪ್ಪಂದವನ್ನು ಬರಹದಲ್ಲಿ ಮಾಡಿ, ಮಾದರಿಯನ್ನು ನೀವೇ ಸೀಳಿ ನೋಡಿ, ತೂಕದ ಮುಂದೆ ನಿಲ್ಲಿ. ರೈತನಿಗೆ ಒಪ್ಪಿದ ಬೆಲೆ ಕೊಡಿ.

ಮಾಡಬಾರದ್ದು

- ಅಗ್ಗದ ಚಿನ್ನದ ಮಾತಿಗೆ ಕಿವಿಗೊಡಬೇಡಿ. ಪರದೇಶದವರನ್ನು ಮುಳುಗಿಸುವ ಹಳೆಯ ಮೋಸ ಇದು. 2025ರಲ್ಲಿ ಸರ್ಕಾರ ಗೋಲ್ಡ್‌ಬೋಡ್ ಎಂಬ ಮಂಡಳಿ ರಚಿಸಿ, ಏಪ್ರಿಲ್ 30ರೊಳಗೆ ಸ್ಥಳೀಯ ಚಿನ್ನದ ವಹಿವಾಟಿನಿಂದ ವಿದೇಶಿಯರು ಹೊರಹೋಗಬೇಕೆಂದು ಆದೇಶಿಸಿತು.
- "ಗಲಾಮ್ಸೆ" ಎಂಬ ಅಕ್ರಮ ಗಣಿಗಾರಿಕೆಗೆ ಹಣ ಹೂಡಬೇಡಿ, ಯಂತ್ರ ಕೊಡಬೇಡಿ, ಕೆಲಸಕ್ಕೂ ಸೇರಬೇಡಿ. ನದಿಗಳ ನೀರನ್ನು ಕೆಡಿಸಿದ, ಕೋಕೊ ತೋಟಗಳನ್ನು ನುಂಗಿದ ಪಾಪ ಅದು. ಜೈಲು ಶಿಕ್ಷೆ ದೀರ್ಘವಾದದ್ದು.
- ಮಾರುಕಟ್ಟೆಯ ಸಣ್ಣ ವ್ಯಾಪಾರ ಕಾನೂನಿನ ಪ್ರಕಾರ ಘಾನಾದ ಪ್ರಜೆಗಳಿಗೇ ಮೀಸಲು. ಅವರ ಹೆಸರಿನ ಮರೆಯಲ್ಲಿ ಅಂಗಡಿ ಹಾಕಬೇಡಿ.

11. ಕಾನೂನು, ಕ್ಯಾಮೆರಾ

ಮಾಡಬೇಕಾದ್ದು

- ಫೋಟೊ ತೆಗೆಯುವ ಮೊದಲು ಕೇಳಿ, ಬೇಡವೆಂದರೆ ಬಿಡಿ. ಮಕ್ಕಳ ಫೋಟೊಕ್ಕೆ ತಂದೆ ತಾಯಿಯ ಒಪ್ಪಿಗೆ ಬೇಕೇ ಬೇಕು.
- ಪೊಲೀಸರು ತಡೆದರೆ ಶುಭಾಶಯ ಹೇಳಿ, ಕಾಗದ ತೋರಿಸಿ. ದಂಡವಿದ್ದರೆ ರಸೀದಿ ಕೇಳಿ.
- ಹಳೆಯ ವಿಗ್ರಹ, ಮುಖವಾಡ ಕೊಂಡರೆ ದೇಶದಿಂದ ಹೊರತರಲು ಮ್ಯೂಸಿಯಂ ಮತ್ತು ಸ್ಮಾರಕ ಮಂಡಳಿಯ ಅನುಮತಿ ಪಡೆಯಿರಿ.

ಮಾಡಬಾರದ್ದು

- ಸೇನೆಯ ಚುಕ್ಕಿಬಣ್ಣದ ಅಂಗಿ, ಪ್ಯಾಂಟ್, ಟೋಪಿ ಪೆಟ್ಟಿಗೆಗೆ ಹಾಕಬೇಡಿ. ನಾಗರಿಕರು ಅವನ್ನು ತೊಡುವುದು ಅಲ್ಲಿ ಅಪರಾಧ.
- ಸೇನಾ ನೆಲೆ, ವಿಮಾನ ನಿಲ್ದಾಣ, ಅಧ್ಯಕ್ಷರ ಜುಬಿಲಿ ಹೌಸ್, ಗಡಿ ಠಾಣೆಗಳ ಚಿತ್ರ ತೆಗೆಯಬೇಡಿ. ಅನುಮತಿಯಿಲ್ಲದೆ ಡ್ರೋನ್ ಹಾರಿಸಬೇಡಿ.
- ಮಾದಕವಸ್ತು ಮುಟ್ಟಬೇಡಿ. ಇನ್ನೊಬ್ಬರ ಪೊಟ್ಟಣವನ್ನು ವಿಮಾನಕ್ಕೆ ಒಯ್ಯಬೇಡಿ, ಕೊಟ್ಟವರು ಎಷ್ಟೇ ಪರಿಚಿತರಾಗಿರಲಿ.

12. ತುರ್ತು ಸಂದರ್ಭದಲ್ಲಿ

ಎಲ್ಲಕ್ಕೂ 112. ಪೊಲೀಸ್ 191, ಅಗ್ನಿಶಾಮಕ 192, ಆಂಬುಲೆನ್ಸ್ 193. ಅಕ್ರಾದಲ್ಲಿ ಭಾರತದ ಹೈಕಮಿಷನ್ ಇದೆ. ಹೆಚ್ಚು ದಿನ ಇರುವವರು ತಲುಪಿದ ವಾರದಲ್ಲೇ ಹೆಸರು ನೋಂದಾಯಿಸಿ. ಕೆಲಸ ಕೊಟ್ಟವರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಸುಮ್ಮನಿರದೆ ಹೈಕಮಿಷನ್‌ಗೆ ತಿಳಿಸಿ. ಈ ನಂಬರುಗಳನ್ನು ಫೋನಿನಲ್ಲಿ ಮಾತ್ರವಲ್ಲ, ಕಾಗದದ ಮೇಲೂ ಬರೆದುಕೊಳ್ಳಿ.

ನಿಮ್ಮ ನಂತರ ಅಲ್ಲಿಗೆ ಹೋಗುವ ಕನ್ನಡಿಗರನ್ನು ಘಾನಾದವರು ಅಳೆಯುವುದು ನಿಮ್ಮ ನಡತೆಯಿಂದ. ಮರಳಿದ ಮೇಲೆ ಬೆಂಗಳೂರು, ಮೈಸೂರು, ಮಣಿಪಾಲ, ಮಂಗಳೂರುಗಳಲ್ಲಿ ಓದುತ್ತಿರುವ ಆಫ್ರಿಕನ್ ವಿದ್ಯಾರ್ಥಿಗಳಿಗೂ ಅದೇ ನಿಯಮ ಪಾಲಿಸಿ. ಬಾಡಿಗೆಗೆ ಮನೆ ಕೊಡುವಾಗ, ಬಸ್ಸಿನಲ್ಲಿ ಪಕ್ಕದ ಸೀಟು ಬಿಡುವಾಗ, ಠಾಣೆಯಲ್ಲಿ ದೂರು ಬರೆದುಕೊಳ್ಳುವಾಗ ಮರ್ಯಾದೆ ಮೊದಲು. ಇದಕ್ಕೆ ವಿನಾಯಿತಿ ಇಲ್ಲ.